ಬಾಗಿಲ ಹಿಂದಿನ ಬೋರ್ಡು

ಸಂತೆಗೆ ಹೋದವರು ಮನೆಗೆ ಏನು ತರುತ್ತಾರೆ? ಬೆಲ್ಲ, ಬಳೆ, ಮಂಡಕ್ಕಿ. ತುರುವನೂರಿನ ಕುರಿಗಾರ ಕಾಟಲಿಂಗಪ್ಪ ಇವುಗಳ ಜೊತೆಗೆ ವಾರವಾರವೂ ಒಂದು ಗುಲಾಬಿ ಬಣ್ಣದ ಚೀಟಿ ತರುತ್ತಿದ್ದ. ತಂದವನೇ ಅದನ್ನು ಕಂಬಳಿಯ ಮೂಲೆಯಲ್ಲಿ ಗಂಟು ಹಾಕಿ, ಗಂಟನ್ನು ಎರಡು ಸಲ ಒತ್ತಿ ನೋಡುತ್ತಿದ್ದ.

ಚಿತ್ರದುರ್ಗದ ಬಸ್ ನಿಲ್ದಾಣದ ಹಿಂದೆ ಒಂದು ಲಾಡ್ಜು. ಟಗರು ಮಾರಲು ಸಂತೆಯ ಹಿಂದಿನ ದಿನವೇ ಹೋಗುವ ಕಾಟಲಿಂಗಪ್ಪ ಅಲ್ಲಿ ಇಳಿದುಕೊಳ್ಳುತ್ತಿದ್ದ. ರಾತ್ರಿಗೆ ಎರಡು ರೂಪಾಯಿ. ಟಗರು ಕಟ್ಟಲು ಹಿತ್ತಿಲು ಬೇರೆ. ಒಂದು ಸಲ ಉಳಿದರೆ ಒಂದು ಚೀಟಿ, ಐದು ಚೀಟಿ ಕೂಡಿದರೆ ಒಂದು ರಾತ್ರಿ ಪುಕ್ಕಟೆ. ಹೀಗೆ ಹೇಳಿದವನು ಮ್ಯಾನೇಜರ್ ಗಂಗಾಧರಪ್ಪ. "ಬರ್ರಿ ಯಜಮಾನ್ರೇ, ಕುಂತ್ಕಳ್ರಿ" ಎಂದು ಕುರ್ಚಿ ಬಿಟ್ಟು ಏಳುತ್ತಿದ್ದ. ಕಾಟಲಿಂಗಪ್ಪನಿಗೆ ಯಾರಾದರೂ ಎದ್ದು ನಿಂತದ್ದು ಅದೇ ಮೊದಲು.

ಹೆಂಡತಿ ಕೆಂಚಕ್ಕನ ಕಣ್ಣಿಗೆ ಪೊರೆ ಬಂದಿತ್ತು. ದುರ್ಗದ ಆಸ್ಪತ್ರೆಯಲ್ಲಿ ಆಪರೇಷನ್ ಎಂದಾಯಿತು. "ಆಸ್ಪತ್ರೆಯಿಂದ ಬಿಟ್ಟ ಮೇಲೂ ನಾಲ್ಕು ದಿನ ಇಲ್ಲೇ ಇರಿ, ದಿನಾ ಕಣ್ಣು ತೋರಿಸಬೇಕು" ಎಂದರು ಡಾಕ್ಟರು. ಕಾಟಲಿಂಗಪ್ಪ ಕಂಬಳಿಯ ಗಂಟು ಬಿಚ್ಚಿದ. ಇಪ್ಪತ್ತು ಚೀಟಿ. ನಾಲ್ಕು ರಾತ್ರಿ!

ಪಕ್ಕದ ಮನೆಯ ತಿಪ್ಪಮ್ಮ ಗ್ರಾಮಸೇವಕಿ, ನಾಲ್ಕು ಊರು ತಿರುಗಿದ ಹೆಣ್ಣುಮಗಳು. ಅವಳು ಕೇಳಿದಳು: "ಮಾವ, ಆ ಪುಕ್ಕಟೆ ಒಳಗೆ ಏನೇನು ಬರ್ತೈತೆ ಅಂತ ಕೇಳಿದೀಯಾ?"

"ಎದ್ದು ನಿಂತು ಕೈ ಮುಗಿಯೋನ ಹತ್ರ ಹಾಸಿಗೆ ಐತಾ, ನೀರೈತಾ ಅಂತ ಕೇಳಿದ್ರೆ ನನ್ನ ಮರ್ಯಾದೆ ಏನಾತವ್ವ?"

"ಮೊದಲು ಬೆಳಿಗ್ಗೆ ಕಾಫಿ ಕೊಡ್ತಾರೆ ಅಂತಿದ್ದೆ."

"ಕೊಡ್ತಿದ್ರು. ಆಮೇಲೆ ಟೀ ಆತು. ಆಮೇಲೆ ಅರ್ಧ ಲೋಟ ಆತು."

"ಈಗ?"

"ಈಗ 'ಟೀ ಆತಾ ಯಜಮಾನ್ರೇ' ಅಂತ ಕೇಳ್ತಾನೆ."

ಕತ್ತಲುಗಣ್ಣಿನ ಕೆಂಚಕ್ಕ ಮೂಲೆಯಿಂದಲೇ ಅಂದಳು: "ಕೇಳೋದು ಒಂದು ಪುಕ್ಕಟೆ ಉಳಿದೈತೆ ಅನ್ನು!"

"ಟೀ ಕಮ್ಮಿ ಆಗ್ತಾ ಬಂದೈತೆ ಅಂದ್ರೆ ಪುಕ್ಕಟೆ ಒಳಗೂ ಇನ್ನೇನೋ ಕಮ್ಮಿ ಆಗಿರ್ತೈತೆ ಮಾವ. ಒಂದು ಹಾಳೆ ಮೇಲೆ ಬರೆಸ್ಕೊ" ಎಂದಳು ತಿಪ್ಪಮ್ಮ. ಕಾಟಲಿಂಗಪ್ಪ ನಕ್ಕು ಕಂಬಳಿ ಕೊಡವಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ಲಾಡ್ಜಿನಲ್ಲಿ ನಾಲ್ಕು ರಾತ್ರಿಯೂ ಸುಖವಾಗಿ ಕಳೆದವು. ಹಗಲು ಕೆಂಚಕ್ಕ ಕಣ್ಣಿಗೆ ಹಸಿರು ಬಟ್ಟೆ ಇಳಿಬಿಟ್ಟುಕೊಂಡು ಅಂಗಳದ ಬೇವಿನ ಮರದ ಕೆಳಗೆ ಕೂರುತ್ತಿದ್ದಳು. ಹೊರಡುವ ಬೆಳಿಗ್ಗೆ ಡಾಕ್ಟರು ಕಣ್ಣಿಗೆ ಬಿಡುವ ಹನಿ ಬರೆದುಕೊಟ್ಟರು. "ಒಂದು ಹೊತ್ತೂ ತಪ್ಪಿಸಬೇಡಿ, ತಪ್ಪಿಸಿದರೆ ಕಣ್ಣು ಹೋಗುತ್ತೆ" ಎಂದರು. ಔಷಧಿಗೆ ಎರಡು ರೂಪಾಯಿ. ಸಂಚಿಯಲ್ಲಿದ್ದದ್ದು ಹತ್ತು ಮುಕ್ಕಾಲು ರೂಪಾಯಿ. ಸಾಕಷ್ಟಾಯಿತು ಎಂದುಕೊಂಡು ಗಂಟುಮೂಟೆ ಎತ್ತಿದ.

ಗಂಗಾಧರಪ್ಪ ಈ ಸಲ ಏಳಲಿಲ್ಲ. ಕೂತಲ್ಲೇ ಬಿಲ್ಲು ಚಾಚಿದ.

"ಇದೇನು ಸ್ವಾಮಿ? ಚೀಟಿ ಕೊಟ್ಟೀನಲ್ಲ!"

"ಕೋಣೆ ಬಾಡಿಗೆ ಸೊನ್ನೆ ಯಜಮಾನ್ರೇ. ಹಾಸಿಗೆ ನಾಲ್ಕು ರೂಪಾಯಿ, ಬಿಸಿನೀರು ಎರಡು, ಫ್ಯಾನು ನಾಲ್ಕು, ಅಂಗಳದ ಬಾಬ್ತು ನಾಲ್ಕು. ಒಟ್ಟು ಹದಿನಾಲ್ಕು."

ಕಾಟಲಿಂಗಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದ. ಕಾಸು ಕೊಟ್ಟೇ ಇದ್ದಿದ್ದರೂ ಎಂಟು ರೂಪಾಯಿ ಆಗುತ್ತಿತ್ತು. ಪುಕ್ಕಟೆ ಇದ್ದದ್ದಕ್ಕೆ ಹದಿನಾಲ್ಕು! "ಅಂಗಳದ್ದು ಅಂದ್ರೆ?"

"ನಿಮ್ಮ ಮನೆಯವರು ದಿನಾ ಮರದ ಕೆಳಗೆ ಕುಂತಿದ್ರಲ್ಲ?"

"ಅಯ್ಯೋ ಶಿವನೇ, ನೆಳ್ಳಿಗೂ ದುಡ್ಡಾ!" ಕೆಂಚಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು. "ಔಷಧಿ ದುಡ್ಡು ಕಣಪ್ಪ ಅದು. ನನ್ನ ಕಣ್ಣು!"

ಅಷ್ಟರಲ್ಲಿ ಮೀಟಿಂಗಿಗೆಂದು ದುರ್ಗಕ್ಕೆ ಬಂದಿದ್ದ ತಿಪ್ಪಮ್ಮ ಇವರನ್ನು ಕರೆದೊಯ್ಯಲು ಬಂದಳು. ಬಿಲ್ಲು ಓದಿದಳು. "ಈ ದರ ಎಲ್ಲಿ ಬರೆದೀರಿ ಸ್ವಾಮಿ?"

ಗಂಗಾಧರಪ್ಪ ತೆರೆದಿದ್ದ ಬಾಗಿಲು ಎಳೆದ. ಅದರ ಹಿಂದೆ, ಕ್ಯಾಲೆಂಡರಿನ ಕೆಳಗೆ, ಇರುವೆ ಸಾಲಿನಂಥ ಅಕ್ಷರದ ಬೋರ್ಡು. ಇಪ್ಪತ್ತು ವಾರ ಆ ಬಾಗಿಲು ದಾಟಿದ್ದ ಕಾಟಲಿಂಗಪ್ಪ ಅದನ್ನು ಕಂಡದ್ದು ಈಗಲೇ.

"ಇರ್ಲಿ" ಎಂದಳು ತಿಪ್ಪಮ್ಮ. "ಕೆಂಚತ್ತೆ, ಬಿಸಿನೀರು ಹುಯ್ಕೊಂಡ್ಯಾ?"

"ತಲೆಗೆ ನೀರೇ ಸೋಕಿಸಬ್ಯಾಡ ಅಂದವ್ರೆ ಡಾಕ್ಟ್ರು. ಮೈಗೂ ಹುಯ್ಕೊಂಡಿಲ್ಲ."

"ಮಾವ, ನೀನು?"

"ಬೋರಿನ ತಣ್ಣೀರು."

"ಫ್ಯಾನು?"

"ಮ್ಯಾಲೆ ಕೊಕ್ಕೆ ಇತ್ತವ್ವ. ಫ್ಯಾನು ಇರ್ಲಿಲ್ಲ."

ಬಾಗಿಲಲ್ಲಿ ಬೇರೆ ಗಿರಾಕಿಗಳು ನಿಂತು ನೋಡತೊಡಗಿದ್ದರು. ಗಂಗಾಧರಪ್ಪ ಪೆನ್ನು ತೆಗೆದು ಆ ಎರಡು ಸಾಲು ಹೊಡೆದುಹಾಕಿದ. ಹಾಸಿಗೆಗೂ ಅಂಗಳಕ್ಕೂ ಬೋರ್ಡು ತೋರಿಸಿ ಬಗ್ಗಲಿಲ್ಲ. ಎಂಟು ರೂಪಾಯಿ ಕೊಡಲೇಬೇಕಾಯಿತು. ಇಪ್ಪತ್ತು ಚೀಟಿಯೂ ಹೋಯಿತು, ಪೂರಾ ಬಾಡಿಗೆಯೂ ಹೋಯಿತು.

ಔಷಧಿ ಕೊಂಡ ಮೇಲೆ ಉಳಿದದ್ದು ಮುಕ್ಕಾಲು ರೂಪಾಯಿ, ಬಸ್ಸಿನ ಒಂದೇ ಟಿಕೆಟ್ಟಿಗೆ ಸಾಲುವಷ್ಟು. ತಿಪ್ಪಮ್ಮ ತನ್ನ ಚೀಲಕ್ಕೆ ಕೈ ಹಾಕಿದಳು. ಕಾಟಲಿಂಗಪ್ಪ ತಡೆದ. "ಬ್ಯಾಡವ್ವ. ನೀನು ಹೇಳಿದ ದಿನ ನಕ್ಕೋನು ನಾನು. ನಡ್ಕೊಂಡು ಬರ್ತೀನಿ. ಇವಳನ್ನ ಹುಷಾರಾಗಿ ಕರ್ಕೊಂಡೋಗು."

ಬಸ್ಸು ಹತ್ತುವಾಗ ಕೆಂಚಕ್ಕ ಗಂಡನ ತೋಳು ಹಿಡಿದು ಅಂದಳು: "ಅಲ್ಲ ಕಣಯ್ಯ, ಗೊಬ್ಬರಕ್ಕೆ ಒಬ್ಬರ ಹೊಲದಾಗೆ ಕುರಿ ನಿಲ್ಲಿಸಾಕೆ ಮುಂಚೆ ಎಷ್ಟು ಕೇಳ್ತೀಯ! ಎಷ್ಟು ರಾತ್ರಿ, ಎಷ್ಟು ಸೇರು ಜೋಳ, ರಾತ್ರಿ ಊಟ ಯಾರದು, ನಾಯಿಗೆ ಮುದ್ದೆ ಯಾರದು! ನಾಯಿ ಮುದ್ದೆ ಕೇಳೋ ಬಾಯಿ, ಕುರ್ಚಿ ಕಂಡ್ರೆ ಯಾಕೆ ಮುಚ್ಚಿಕೊಳ್ತೈತೆ?"

ಹದಿಮೂರು ಮೈಲಿ ದಾರಿಯುದ್ದಕ್ಕೂ ಕಾಟಲಿಂಗಪ್ಪನ ಜೊತೆ ನಡೆದದ್ದು ಅದೊಂದೇ ಮಾತು.

ಒಂದೂವರೆ ತಿಂಗಳಾದ ಮೇಲೆ ಕನ್ನಡಕಕ್ಕೆಂದು ಮತ್ತೆ ದುರ್ಗಕ್ಕೆ ಹೋದರು. ಕನ್ನಡಕ ಕೈಗೆ ಬರುವಷ್ಟರಲ್ಲಿ ಸಂಜೆಯ ಬಸ್ಸು ತಪ್ಪಿತ್ತು. ಬೇರೆ ಲಾಡ್ಜಿಗೆ ಹೋದರು. ಅಲ್ಲಿನ ಮ್ಯಾನೇಜರೂ ಎದ್ದು ನಿಂತ. "ಬರ್ರಿ ಯಜಮಾನ್ರೇ!"

"ನೀವು ಕುಂತ್ಕಳ್ರಿ" ಎಂದ ಕಾಟಲಿಂಗಪ್ಪ. "ಹಾಸಿಗೆ, ನೀರು, ದೀಪ, ಅಂಗಳ, ಎಲ್ಲಾ ಸೇರಿ ಎಷ್ಟು? ಒಂದು ಹಾಳೆ ಮೇಲೆ ಬರೆದು ರುಜು ಹಾಕಿ ಕೊಡ್ರಿ."

ಮ್ಯಾನೇಜರು ತಲೆ ಕೆರೆದುಕೊಂಡು ಬರೆಯುತ್ತಿದ್ದಂತೆ ಹಿಂದಿನಿಂದ ಕಿರ್ರ್ ಎಂದು ಸದ್ದಾಯಿತು. ಕೆಂಚಕ್ಕ ಹೊಸ ಕನ್ನಡಕ ಏರಿಸಿಕೊಂಡು ಬಾಗಿಲು ಎಳೆದು ಅದರ ಹಿಂದೆ ಇಣುಕುತ್ತಿದ್ದಳು. "ಬರ್ರಿ ಇಲ್ಲಿ! ನಂಗೆ ಓದಾಕೆ ಬರಲ್ಲ. ಆದ್ರೆ ಇಲ್ಲೇನೋ ಬರ್ದೈತೆ, ಚೆನ್ನಾಗಿ ಕಾಣ್ತೈತೆ!"

ಅಕ್ಕಂದಿರೇ, ಅಣ್ಣಂದಿರೇ, ಆಸ್ಪತ್ರೆಗೋ ಕೋರ್ಟಿಗೋ ಸಂತೆಗೋ ನೀವೂ ಪಟ್ಟಣಕ್ಕೆ ಹೋಗುತ್ತೀರಿ. ಚೀಟಿ ಕೊಟ್ಟು ಪುಕ್ಕಟೆ ಅಂದವರನ್ನು ಚೀಲ ಇಳಿಸುವ ಮೊದಲೇ ಕೇಳಿ: ಇದರೊಳಗೆ ಏನು ಬರುತ್ತೆ, ಹೊರಗೆ ಏನು ಉಳಿಯುತ್ತೆ? ಬರೆಸಿಕೊಳ್ಳಿ. ಓದು ಬಾರದಿದ್ದರೆ ಓದಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಬಿಲ್ಲು ಬಂದಾಗ ಬಳಸದ್ದಕ್ಕೆ ಕಾಸು ಕೊಡಬೇಡಿ. ನಿಮ್ಮ ಮರ್ಯಾದೆ ಅವರು ಎದ್ದು ನಿಲ್ಲುವುದರಲ್ಲಿಲ್ಲ, ನೀವು ಕೇಳುವುದರಲ್ಲಿದೆ. ಒಳಗೆ ಕಾಲಿಟ್ಟ ಕೂಡಲೇ, ದಯವಿಟ್ಟು, ಒಂದು ಸಲ ಬಾಗಿಲು ಎಳೆದು ನೋಡಿ.