ಕರಿಹಲಗೆಯ ಮೇಲೆ ನಾಲ್ಕನೆಯ ವಿಷಯ

ಈ ಕಥೆಯನ್ನು ಎಲ್ಲಿ ಹಿಡಿದು ಎತ್ತಬೇಕೋ ಗೊತ್ತಾಗದೆ ಬೆಳಗ್ಗೆಯಿಂದ ಒದ್ದಾಡುತ್ತಿದ್ದೇನೆ. ಎಲ್ಲಿ ಹಿಡಿದರೂ ಕೈ ಸುಡುತ್ತದೆ. ಮೊದಲ ಡ್ರಾಫ್ಟು ಹೀಗಿತ್ತು:

'ಗ್ರಾಮದ ಕಿರಿಯ ಪ್ರಾಥಮಿಕ ಶಾಲೆಯನ್ನು ಪಕ್ಕದ ಊರಿನ ಶಾಲೆಯೊಂದಿಗೆ ವಿಲೀನಗೊಳಿಸುವ ಕುರಿತು ಪಂಚಾಯಿತಿ ಸಭೆಯಲ್ಲಿ ಚರ್ಚಿಸಲಾಗುವುದು ಎಂದು ಅಧ್ಯಕ್ಷರು ತಿಳಿಸಿದ್ದಾರೆ.'

ಓದಿದಿರಾ? ಸಿಟ್ಟು ಬಂತೇ? ಬರಲಿಲ್ಲ. ಬರುವುದೂ ಇಲ್ಲ. ಪತ್ರಿಕೆಯ ಒಳಪುಟದಲ್ಲಿ, ಬೀದಿದೀಪದ ದುರಸ್ತಿಗೂ ಕಾಣೆಯಾದ ಹಸುವಿಗೂ ನಡುವೆ, ಇಂಥದ್ದು ದಿನಕ್ಕೊಂದು ಬರುತ್ತದೆ. ನಾವು ಅದರ ಮೇಲೆ ಟೀ ಲೋಟ ಇಡುತ್ತೇವೆ. ಡ್ರಾಫ್ಟನ್ನು ಹರಿದು ಹಾಕಿದೆ. (ಕಂಪ್ಯೂಟರಿನಲ್ಲಿ ಹರಿಯಲು ಬರುವುದಿಲ್ಲ. ಡಿಲೀಟ್ ಒತ್ತಿದೆ. ಹರಿದಷ್ಟು ಸುಖ ಅದರಲ್ಲಿಲ್ಲ.)

1

ಸರಿ, ಮನುಷ್ಯರಿಂದ ಶುರು ಮಾಡೋಣ.

ಆ ಶಾಲೆಗೆ ಇರುವುದು ಒಂದು ದೊಡ್ಡ ಕೋಣೆ, ಒಂದು ಜಗಲಿ, ಒಬ್ಬರೇ ಮೇಡಂ. ನಾಲ್ಕು ತರಗತಿಯ ಮಕ್ಕಳು ನಾಲ್ಕು ಸಾಲಾಗಿ ಕೂರುತ್ತಾರೆ. ಮೇಡಂ ಒಂದು ಸಾಲಿಗೆ ಕಳೆಯುವ ಲೆಕ್ಕ ಕೊಟ್ಟು, ಇನ್ನೊಂದರ ಕಾಗುಣಿತ ಕೇಳುತ್ತಾ, ಮೂರನೆಯದರ ಜಗಳ ಬಿಡಿಸುತ್ತಾರೆ. ಅಷ್ಟರಲ್ಲಿ ನಾಲ್ಕನೆಯ ಸಾಲಿನಲ್ಲಿ ಯಾರಿಗೋ ಮೂಗು ಸೋರುತ್ತಿರುತ್ತದೆ, ಅದನ್ನೂ ಒರೆಸುತ್ತಾರೆ. ಹದಿನಾರು ವರ್ಷದಿಂದ ಇದೇ ಕೆಲಸ.

ಪಂಚಾಯಿತಿ ಅಧ್ಯಕ್ಷ ಮೇಡಂಗೆ ಮೈದುನ. ಗಂಡನ ಸ್ವಂತ ತಮ್ಮ, ಪಕ್ಕದ ಮನೆ, ನಡುವೆ ಒಂದೇ ಗೋಡೆ. (ಈ ಸಂಬಂಧ ನಾನು ಕಟ್ಟಿದ್ದು. ಬೇರೆ ಯಾರಾದರೂ ಆಗಿದ್ದರೆ ಮೇಡಂ ಮೊದಲ ದಿನವೇ 'ಆಗೋಲ್ಲ' ಅಂದುಬಿಡುತ್ತಿದ್ದರು, ನನ್ನ ಕಥೆ ಅಲ್ಲಿಗೇ ಮಗುಚಿ ಬೀಳುತ್ತಿತ್ತು.)

ಪಂಚಾಯಿತಿ ಕಟ್ಟಡದ ಸೂರು ಸೋರುತ್ತದೆ ಎಂದು ಹೆಂಚು ಇಳಿಸಿದ ದಿನ ಸಂಜೆ, ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಅತ್ತಿಗೆ, ನಾಳೆ ಒಂದು ಮೀಟಿಂಗ್ ಇದೆ. ನಿಮ್ಮ ಸ್ಕೂಲ್ ರೂಮು ಕೊಡ್ತೀರಾ? ಒಂದೇ ಒಂದು ದಿನ."

"ಮಕ್ಕಳನ್ನ ಎಲ್ಲಿ ಕೂರಿಸ್ಲಿ?"

"ಜಗಲಿ ಇಲ್ವಾ? ಎರಡು ಗಂಟೆ ತಾನೇ, ಅತ್ತಿಗೆ."

ಸ್ವಂತ ಮೈದುನ ಬಾಗಿಲಲ್ಲಿ ನಿಂತು ಕೇಳಿದರೆ ಇಲ್ಲ ಅನ್ನುವುದು ಹೇಗೆ? ಮೇಡಂ ಹೂಂ ಅಂದರು. ಬೆರಳು ತೋರಿಸಿದರೆ ಹಸ್ತ ನುಂಗುವ ಜಾತಿ ಅದು ಎಂದು ಅವರಿಗೆ ಗೊತ್ತಿತ್ತು, ಆದರೂ ಅಂದರು. ಒಂದು ದಿನ ಎಂದದ್ದು ವಾರಕ್ಕೊಂದು ದಿನವಾಯಿತು. ಆಮೇಲೆ ವಾರಕ್ಕೆ ಎರಡು, ಮೂರು. ಇಳಿಸಿದ ಹೆಂಚು ಇಳಿಸಿದಲ್ಲೇ ಇತ್ತು, ಅದರ ಸಂದಿಯಲ್ಲಿ ಹುಲ್ಲು ಬೆಳೆಯಿತು.

2

ಏಳು ಜನ ಸದಸ್ಯರು. ಮೊಣಕಾಲೆತ್ತರದ ಬೆಂಚುಗಳಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತು ಊರಿನ ಉದ್ಧಾರದ ಬಗ್ಗೆ ಮಾತಾಡುತ್ತಿದ್ದರು. ಎದ್ದು ಹೋದ ಮೇಲೆ ಡೆಸ್ಕಿನ ತುಂಬ ಟೀ ಲೋಟದ ಉಂಗುರಗಳು, ಸೀಮೆಸುಣ್ಣದ ಡಬ್ಬಿಯಲ್ಲಿ ಸಿಗರೇಟಿನ ತುಂಡುಗಳು. ಮಕ್ಕಳು ಬರುವ ಮುಂಚೆ ಅದನ್ನೆಲ್ಲ ಆರಿಸಿ ಗುಡಿಸುವುದು ಮೇಡಂ ಪಾಲಿಗೆ ಬಂತು.

ಅದನ್ನಾದರೂ ಸಹಿಸಬಹುದಿತ್ತು. ಪಂಚಾಯಿತಿ ಕಾರ್ಯದರ್ಶಿಯದು ಮುತ್ತು ಪೋಣಿಸಿದಂಥ ಅಕ್ಷರ. ಮುಂದಿನ ಸಭೆಯಲ್ಲಿ ಚರ್ಚಿಸಬೇಕಾದ ವಿಷಯಗಳನ್ನು ಅವನು ಮೇಡಂ ಅವರ ಕರಿಹಲಗೆಯ ಮೇಲೆ, ಮೇಡಂ ಅವರ ಸೀಮೆಸುಣ್ಣದಲ್ಲೇ ಬರೆದು, ಸುತ್ತ ಚೌಕ ಎಳೆದು, ಕೆಳಗೆ 'ಅಳಿಸಬಾರದು' ಎಂದು ಬರೆದು ಅದಕ್ಕೆ ಎರಡು ಗೆರೆ ಹಾಕುತ್ತಿದ್ದ. ಆ ಚೌಕವೇ ಮುಕ್ಕಾಲು ಹಲಗೆ ನುಂಗುತ್ತಿತ್ತು. ಉಳಿದ ಕಾಲು ಭಾಗದಲ್ಲಿ ನಾಲ್ಕು ತರಗತಿಯ ವಿದ್ಯೆ.

ಮಕ್ಕಳೇನು, ಕಣ್ಣೆದುರು ಇದ್ದದ್ದನ್ನು ಕಲಿತವು. 'ಅಂಗಡಿ' ಬರೆಯಲು ಬಾರದ ಹುಡುಗ 'ನಡಾವಳಿ' ಎಂದು ತಪ್ಪಿಲ್ಲದೆ ಬರೆದ. ಆಟದ ಹೊತ್ತಿನಲ್ಲಿ ಮೀಟಿಂಗ್ ಆಟ ಶುರುವಾಯಿತು.

"ಇವನ ರಬ್ಬರ್ ಇನ್ಮೇಲೆ ನಂದು. ಎಲ್ರೂ ಒಪ್ಪಿದ್ದೀರಾ?"

"ಒಪ್ಪಿದ್ದೀವಿ!"

"ಸರ್ವಾನುಮತ!"

ರಬ್ಬರ್ ಕಳೆದುಕೊಂಡವನು ಅಳುತ್ತಾ ಮೇಡಂ ಹತ್ತಿರ ಓಡಿ ಬಂದ. (ನಿಮಗೆ ನಗು ಬಂತು, ನನಗೆ ಗೊತ್ತು. ನಗಲಿ ಎಂದೇ ಬರೆದೆ. ಸಾಕು, ಈಗ ನಿಲ್ಲಿಸಿ.)

2, ಇನ್ನೊಮ್ಮೆ

ಇಲ್ಲಿ ನನಗೊಂದು ಸೀನು ಹೊಳೆಯಿತು. ಬರೆದೇಬಿಟ್ಟೆ:

'ಮೇಡಂ ಒದ್ದೆ ಬಟ್ಟೆ ಕೈಗೆತ್ತಿಕೊಂಡರು. ಇಡೀ ತರಗತಿ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಒಂದೇ ಏಟಿಗೆ ಆ ಚೌಕವನ್ನು...'

"ಏನ್ರೀ ಇದು?" ಮೇಡಂ ಬಟ್ಟೆಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಪ್ರತಿಭಟನೆ ಮೇಡಂ. ಓದುಗರು ಚಪ್ಪಾಳೆ ಹೊಡೀತಾರೆ."

"ಹೊಡೆದು ಮನೆಗೆ ಹೋಗ್ತಾರೆ. ನಾಳೆ ಆ ಕಾರ್ಯದರ್ಶಿ ಮತ್ತೆ ಬರೀತಾನೆ, ಅದಕ್ಕೂ ನನ್ನ ಚಾಕ್‌ಪೀಸೇ ಖರ್ಚು. ಅಳಿಸಿದ್ರೆ ಅಕ್ಷರ ಹೋಗುತ್ತೆ, ಅವರು ಹೋಗ್ತಾರಾ?"

"ಸಿಟ್ಟು ಬರೋಲ್ವಾ ನಿಮಗೆ?"

"ನನ್ನ ಸಿಟ್ಟನ್ನ ನಿಮ್ಮ ಸೀನಿಗೆ ಯಾಕೆ ಕೊಡ್ಲಿ? ಅದು ನನಗೇ ಬೇಕು, ಇಟ್ಕೊಂಡಿದ್ದೀನಿ."

ಡಿಲೀಟ್.

4

(ಮೂರು ಇತ್ತು. ಅದರಲ್ಲಿ ಈಗ ಬರುವ ಅಧಿಕಾರಿಯ ಬಾಲ್ಯವನ್ನು ಎರಡು ಪುಟ ವರ್ಣಿಸಿದ್ದೆ. ಯಾರಿಗೆ ಬೇಕು ಅವನ ಬಾಲ್ಯ?)

ಯಾವ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸಲು ಅಧಿಕಾರಿ ಬಂದ. ಬಂದದ್ದು ಸಭೆಯ ದಿನ. ಬೆಳಗ್ಗೆ ತುಂತುರು ಬಿದ್ದು ಜಗಲಿ ನೆನೆದಿತ್ತು. ಹಾಗಾಗಿ ಮೇಡಂ ಚಿಕ್ಕ ಮಕ್ಕಳನ್ನು ಮನೆಗೆ ಕಳಿಸಿ, ಉಳಿದವರನ್ನು ಗೋಡೆಯ ಪಕ್ಕ ಒತ್ತಾಗಿ ನಿಲ್ಲಿಸಿಕೊಂಡು ಮಗ್ಗಿ ಹೇಳಿಸುತ್ತಿದ್ದರು. ಅಧಿಕಾರಿ ಅವರನ್ನು ದಾಟಿಕೊಂಡು ಒಳಗೆ ಹೋದ. ಸದಸ್ಯರ ನಡುವೆ ಕೂತು ಟೀ ಕುಡಿದ. ಕೋಣೆಯನ್ನು ಒಂದು ಸುತ್ತು ನೋಡಿ ವರದಿ ಬರೆದ: 'ಭೇಟಿಯ ಸಮಯದಲ್ಲಿ ತರಗತಿ ಕೋಣೆಯಲ್ಲಿ ಮಕ್ಕಳು ಕಂಡುಬರಲಿಲ್ಲ.'

ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ನನ್ನ ಮೈ ಉರಿಯುವುದು ಅದಕ್ಕೇ. ಸುಳ್ಳು ಹೇಳಿದ್ದರೆ ಕೊರಳಪಟ್ಟಿ ಹಿಡಿದು ಕೇಳಬಹುದಿತ್ತು. ಮಕ್ಕಳನ್ನು ಹೊರಗೆ ಹಾಕಿ, ಒಳಗೆ ಮಕ್ಕಳಿಲ್ಲ ಅನ್ನುವ ಸತ್ಯವನ್ನು ಹಿಡಿದು ಯಾರನ್ನು ಏನು ಕೇಳುತ್ತೀರಿ?

"ಸಾರ್, ಇವರೂ ಇದ್ದಾರಲ್ಲ, ಎಣಿಸಿ," ಎಂದು ಮೇಡಂ ಜೀಪಿನವರೆಗೂ ಹಿಂದೆ ಹೋದರು.

"ಫಾರಂನಲ್ಲಿ ಜಗಲಿ ಅಂತ ಕಾಲಂ ಇಲ್ಲಮ್ಮ," ಎಂದ ಅವನು, ಪಾಪ, ಬಹಳ ಮರ್ಯಾದೆಯಿಂದಲೇ.

5

ಮರುವಾರ, ಬೆಳಗಿನ ಪ್ರಾರ್ಥನೆ ಮುಗಿಸಿ ಒಳಗೆ ಬಂದ ಒಂದನೇ ತರಗತಿಯ ಹುಡುಗಿ ಹಲಗೆಯ ಮುಂದೆ ನಿಂತು, ಬೆರಳಿಟ್ಟು, ಕೂಡಿಸಿ ಕೂಡಿಸಿ ಓದಿದಳು:

"ನಾ... ಲ್ಕು. ಶಾ... ಲೆ. ವಿ... ಲೀ... ನ. ಮೇಡಂ, ವಿಲೀನ ಅಂದ್ರೆ ಏನು?"

ಮೇಡಂ ಹಲಗೆಯತ್ತ ತಿರುಗಿದರು. ನಾಲ್ಕನೆಯ ವಿಷಯ: ಶಾಲೆಯ ವಿಲೀನಕ್ಕೆ ಒಪ್ಪಿಗೆ ನೀಡುವುದು ಹಾಗೂ ತೆರವಾಗುವ ಕಟ್ಟಡವನ್ನು ಪಂಚಾಯಿತಿ ಕಚೇರಿಗೆ ಬಳಸಿಕೊಳ್ಳುವುದು. ಮುತ್ತಿನಂಥ ಅಕ್ಷರ, ಕೆಳಗೆ 'ಅಳಿಸಬಾರದು.'

ಇಷ್ಟು ದಿನ ಗುಡಿಸಿದ್ದು, ಒರೆಸಿದ್ದು, ಸರಿದು ಸರಿದು ಜಾಗ ಬಿಟ್ಟದ್ದು, ಇದಕ್ಕೇ. ಅವರಿಗೆ ಮೈದುನನ ಮೇಲಿನದಕ್ಕಿಂತ ಆ ಸಂಜೆ ಹೂಂ ಅಂದ ತಮ್ಮ ಬಾಯಿಯ ಮೇಲೆಯೇ ಹೆಚ್ಚು ಸಿಟ್ಟು ಬಂತು.

"ಹೇಳಿ ಮೇಡಂ, ಏನು?"

"ನಾಳೆ ಹೇಳ್ತೀನಿ, ಕೂತ್ಕೋ," ಅಂದರು. ಅವರು ಮಕ್ಕಳಿಗೆ ನಾಳೆ ಎಂದದ್ದು ಅದೇ ಮೊದಲು.

6

"ನಿಮಗೇನು ನಷ್ಟ ಅತ್ತಿಗೆ? ಪಟ್ಟಣದ ಸ್ಕೂಲಿಗೇ ಹಾಕಿಸ್ಕೊಡ್ತೀನಿ. ನಾನಿಲ್ವಾ?"

ಸಂಜೆ, ಅಂಗಳದ ಗೋಡೆಯ ಆಚೆ ಮೈದುನ, ಈಚೆ ಮೇಡಂ. ಕುರ್ಚಿಯಲ್ಲಿ ಪತ್ರಿಕೆ ಹಿಡಿದು ಕೂತ ಗಂಡ ಅದರೊಳಗೆ ಇನ್ನಷ್ಟು ಇಳಿದ.

"ನನ್ನ ಮಾತು ಬಿಡು. ಪಕ್ಕದೂರಿನ ಸ್ಕೂಲಿಗೆ ಹೋಗೋಕೆ ಹೆದ್ದಾರಿ ದಾಟಬೇಕು. ಒಂದನೇ ಕ್ಲಾಸಿನವು, ನನ್ನ ಸೊಂಟದಷ್ಟೂ ಎತ್ತರ ಇಲ್ಲ. ಲಾರಿಯವನಿಗೆ ಕಾಣ್ತವಾ?"

"ರೋಡ್ ಹಂಪ್ ಹಾಕಿಸ್ತೀವಿ. ಐದನೇ ವಿಷಯ ಅದೇ ಇದೆ, ನೀವು ಪೂರ್ತಿ ಓದಿಲ್ಲ."

"ನಾಲ್ಕನೇದು ಮೊದಲು, ಐದನೇದು ಆಮೇಲೆ, ಅಲ್ವಾ?"

"ಕ್ರಮ ಅಂತ ಒಂದಿರುತ್ತಲ್ಲ ಅತ್ತಿಗೆ."

"ಅವನು ಹೇಳೋದ್ರಲ್ಲೂ ಅರ್ಥ ಇದೆ," ಎಂದ ಗಂಡ, ಪತ್ರಿಕೆಯ ಒಳಗಿನಿಂದ.

ಆ ರಾತ್ರಿ ಮೇಡಂ ಗಂಡನನ್ನು ಊಟಕ್ಕೆ ಕರೆಯಲಿಲ್ಲ. (ಅವನೇ ಹೋಗಿ ಬಡಿಸಿಕೊಂಡ. ಉಪ್ಪು ಕಡಿಮೆ ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡ.)

ಈ ಭಾಗ ಬರೆದು ಮುಗಿಸುವಷ್ಟರಲ್ಲಿ ಮೈದುನ ನನ್ನ ಮೇಲೇ ಹರಿಹಾಯ್ದ.

"ಏನ್ ಸಾರ್, ನನ್ನನ್ನ ವಿಲನ್ ಮಾಡಿದ್ದೀರಿ? ಊರಿಗೆ ನೀರು ತಂದೋನು ನಾನು. ಅದನ್ನ ಯಾಕೆ ಬರೆದಿಲ್ಲ?"

ತಂದದ್ದು ನಿಜ. ಬರೆಯುತ್ತಿದ್ದೇನೆ: ಮೈದುನ ಊರಿಗೆ ನೀರು ತಂದ. ಈಗ ಓದುಗರೇ, ಇದರಿಂದ ನಿಮ್ಮ ಸಿಟ್ಟು ಇಳಿಯುತ್ತದೆಯೇ ನೋಡಿ. ನನ್ನದು ಇಳಿಯಲಿಲ್ಲ.

7

ಮುಗಿಸುವ ದಾರಿಗಳು. ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ.

(ಅ) ಮೇಡಂ ಕೋರ್ಟಿಗೆ ಹೋಗುತ್ತಾರೆ. ತೀರ್ಪು ಬರುವಷ್ಟರಲ್ಲಿ ಒಂದನೇ ತರಗತಿಯವರಿಗೆ ಮದುವೆಯಾಗಿರುತ್ತದೆ.

(ಆ) ತಾಯಂದಿರು ಪೊರಕೆ ಹಿಡಿದು ಬರುತ್ತಾರೆ. ಟೀವಿಯವರು ಬರುತ್ತಾರೆ. ಟೀವಿಯವರು ಹೋಗುತ್ತಾರೆ.

(ಇ) ಮೈದುನನ ಮನಸ್ಸು ಕರಗಿ, ಅತ್ತಿಗೆಯ ಕಾಲು ಹಿಡಿದು ಅಳುತ್ತಾನೆ.

"ನಾನ್ಯಾಕ್ರೀ ಅಳ್ಲಿ?" ಎಂದ ಮೈದುನ. ನಿಜ, ಅವನೇಕೆ ಅಳಬೇಕು. ಅವನಿಗೆ ಬಹುಮತ ಇದೆ.

8

ಸಭೆಯ ದಿನ.

ಹೊರಗೆ ಮೊದಲ ಬೈಕಿನ ಸದ್ದು ಕೇಳಿದ್ದೇ ಮಕ್ಕಳು ಚೀಲ ಎತ್ತಿಕೊಂಡು ಎದ್ದರು. ಯಾರೂ ಹೇಳದೆಯೇ ಎದ್ದರು, ಸಾಲಾಗಿ, ಶಿಸ್ತಿನಿಂದ, ಜಗಲಿಗೆ ಹೊರಡಲು. (ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನನ್ನ ಹೊಟ್ಟೆ ಉರಿಸಿದ್ದು ಇದೇ. ಹೊರಗೆ ಹೋಗುವುದನ್ನು ಮಕ್ಕಳು ಎಷ್ಟು ಚೆನ್ನಾಗಿ ಕಲಿತಿದ್ದರು.)

"ಕೂತ್ಕೊಳ್ಳಿ," ಅಂದರು ಮೇಡಂ.

"ಮೀಟಿಂಗ್ ಇದೆ ಮೇಡಂ..."

"ಕೂತ್ಕೊಳ್ಳಿ ಅಂದೆ."

ಕೂತರು. ಮೇಡಂ ಬಾಗಿಲನ್ನು ಒಳಗಿನಿಂದ ಮುಚ್ಚಿದರು, ಅಗುಳಿ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಮೈದುನ ಅದನ್ನು ತಳ್ಳಿ ತಲೆ ಒಳಗೆ ಹಾಕಿದ. ಹಿಂದೆ ಉಳಿದ ಸದಸ್ಯರು.

"ಅತ್ತಿಗೆ, ಟೈಮ್ ಆಯ್ತು."

"ಇಲ್ಲಿ ನಾನು ಯಾರಿಗೂ ಅತ್ತಿಗೆ ಅಲ್ಲ. ಕ್ಲಾಸ್ ನಡೀತಿದೆ, ಹೊರಗೆ ನಿಂತ್ಕೊಳ್ಳಿ."

"ಇದು ಸರ್ಕಾರಿ ಕೆಲಸ, ಮೇಡಂ!"

"ಇದೂ ಸರ್ಕಾರಿ ಕೆಲಸವೇ. ಸಂಬಳ ತಗೊಂಡು ಮಾಡ್ತಿರೋದು. ನಡೀರಿ."

ಆ ದನಿಯನ್ನು ಮೈದುನ ಗೋಡೆಯ ಆಚೆಯಿಂದ ಎಂದೂ ಕೇಳಿರಲಿಲ್ಲ. ತಲೆ ಹಿಂದಕ್ಕೆ ಹೋಯಿತು. ನಾನು ಮೂಲೆಯಲ್ಲಿ ನಿಂತು ಖುಷಿಯಿಂದ 'ಮೇಡಂ ಕಣ್ಣಲ್ಲಿ ಕಿಡಿ' ಎಂದು ಗೀಚಿಕೊಳ್ಳುತ್ತಿದ್ದೆ. ಮೇಡಂ ತಿರುಗಿದರು.

"ನೀವೂ ಹೊರಗೆ."

"ನಾನಾ? ನಾನು ನಿಮ್ಮ ಪರ, ಮೇಡಂ!"

"ಪರ ಇರೋರೆಲ್ಲ ಹೀಗೇ ಮೂಲೇಲಿ ನಿಂತು ನೋಡ್ತಿದ್ದಾರೆ. ಮಕ್ಕಳ ಗಮನ ಕೆಡುತ್ತೆ. ಹೊರಡಿ."

ಬರೆಯುವವನನ್ನೇ ಕಥೆಯಿಂದ ಹೊರಗೆ ಹಾಕುವುದು ಯಾವ ನ್ಯಾಯ ಎಂದು ಕೇಳೋಣ ಅಂದುಕೊಂಡೆ. ಅಷ್ಟರಲ್ಲಿ ನಾನು ಜಗಲಿಯಲ್ಲಿದ್ದೆ, ಬಾಗಿಲು ಹಾಕಿತ್ತು.

ಜಗಲಿಯಲ್ಲಿ ಏಳು ಜನ ಸದಸ್ಯರು, ಕಾರ್ಯದರ್ಶಿ, ನಾನು. ಬಿಸಿಲು ಮೊಣಕಾಲಿನವರೆಗೆ ಬಂದಿತ್ತು. ಮೈದುನ ಮುಖ ಒರೆಸಿಕೊಂಡು ಹೇಳಿದ: "ಇಲ್ಲೇ ಮುಗಿಸೋಣ. ಮೀಟಿಂಗಿಗೆ ಗೋಡೆ ಯಾಕೆ? ನಾಲ್ಕನೇ ವಿಷಯ. ಒಪ್ಪಿಗೆ ಇರೋರು ಕೈ ಎತ್ತಿ."

ಕೈಗಳು ಏಳತೊಡಗಿದಾಗ ಬಾಗಿಲು ಸ್ವಲ್ಪ ತೆರೆಯಿತು. ಆ ಒಂದನೇ ತರಗತಿಯ ಹುಡುಗಿ.

"ಮೇಡಂ ಕೇಳ್ಕೊಂಡ್ ಬಾ ಅಂದ್ರು. ನಿಮ್ಮ ಮಕ್ಕಳು ಯಾವ ಕ್ಲಾಸು? ಇದ್ರೆ ಹೆಸರು ಹೇಳ್ಬೇಕಂತೆ, ಪೋಷಕರಾದ್ರೆ ಒಳಗೆ ಬರಬಹುದಂತೆ."

ಏಳು ಜನರಲ್ಲಿ ಒಬ್ಬರ ಮಗುವೂ ಆ ಶಾಲೆಯಲ್ಲಿಲ್ಲ. ಎಲ್ಲವೂ ಬೆಳಗ್ಗೆ ಖಾಸಗಿ ಶಾಲೆಯ ಹಳದಿ ವ್ಯಾನು ಹತ್ತಿ ಹೆದ್ದಾರಿ ದಾಟಿ ಹೋಗಿದ್ದವು. ಏಳುತ್ತಿದ್ದ ಕೈಗಳು ಅರ್ಧದಲ್ಲೇ ನಿಂತವು. ಹುಡುಗಿ ಒಬ್ಬೊಬ್ಬರ ಮುಖವನ್ನೂ ನೋಡಿ ತಲೆ ಆಡಿಸುತ್ತಾ ಬಂದು, ಕೊನೆಗೆ ನನ್ನ ಮುಂದೆ ನಿಂತಳು.

"ನಾನು ಮೆಂಬರ್ ಅಲ್ಲ, ಪುಟ್ಟಿ. ಕಥೆ ಬರೆಯೋನು."

ಅವಳು ಒಳಗೆ ಹೋಗಿ ಕೇಳಿಕೊಂಡು ಬಂದಳು.

"ಕಥೆ ಬರೆಯೋರಿಗೆ ಮಕ್ಕಳಿರಲ್ವಾ ಅಂತ ಕೇಳಿದ್ರು."

"ಒಬ್ಬ ಮಗ ಇದಾನೆ."

"ಯಾವ ಸ್ಕೂಲು?"

ಹೇಳಿದೆ. ಅವಳು ಬೇರೆಯವರಿಗೆ ಆಡಿಸಿದ ಹಾಗೆಯೇ ನನಗೂ ತಲೆ ಆಡಿಸಿ, ಬಾಗಿಲು ಹಾಕಿಕೊಂಡಳು.

ಕೈಗಳು ಇನ್ನೂ ಅರ್ಧದಲ್ಲೇ ಇವೆ. ಮೇಲೆ ಹೋದವು ಎಂದು ಬರೆಯಲು ನನಗೆ ಮನಸ್ಸಿಲ್ಲ, ಕೆಳಗಿಳಿದವು ಎಂದು ಬರೆಯಲು ಮುಖವಿಲ್ಲ. ಒಳಗೆ ಮೇಡಂ ಏನೋ ಹೇಳಿಕೊಡುತ್ತಿದ್ದಾರೆ, ಮಕ್ಕಳು ಒಟ್ಟಿಗೆ ಕೂಗಿ ಹೇಳುತ್ತಿದ್ದಾರೆ. ಏನೆಂದು ನನ್ನನ್ನು ಕೇಳಬೇಡಿ. ನಾನು ಹೊರಗೆ ನಿಂತಿದ್ದೇನೆ, ಇವರ ಜೊತೆ.