ಬೀಜವಿಲ್ಲದ ಬಿಲ್ಲೆ

ನಾನು ಒಂದು ಹಿತ್ತಾಳೆ ಬಿಲ್ಲೆ. ಎಂಟಾಣೆಯಷ್ಟು ಅಗಲ, ಎಂಟಾಣೆಯ ಯೋಗ್ಯತೆಯೂ ಇಲ್ಲ. ಆದರೆ ನನ್ನ ಹೊಟ್ಟೆಯ ಮೇಲೊಂದು ಕ್ರಿಯಾಪದವಿದೆ, ಅದೂ ಗ್ರೀಕ್ ಭಾಷೆಯದು.

ನನ್ನನ್ನು ಎರಕ ಹೊಯ್ಯಿಸಿದ ಬಿಳಿಯ ಪಾದ್ರಿಗೆ ಆ ಭಾಷೆಯ ಗೀಳು. ಆರಿದ ನನ್ನನ್ನು ಅಂಗೈಯಲ್ಲಿಟ್ಟು, ಮೂಗಿನಲ್ಲೇ ರಾಗ ಎಳೆದು, "ದೊಕಿಮಾಜೊ" ಎಂದು ಓದಿದ. ಒರೆಗೆ ಹಚ್ಚು ಎಂದು ಅರ್ಥ. ಅಕ್ಕಸಾಲಿಗ ಚಿನ್ನ ನೋಡುವುದಕ್ಕೂ, ಎತ್ತು ಕೊಂಡವನು ನೊಗಕ್ಕೆ ಹೂಡಿ ನೋಡುವುದಕ್ಕೂ ಆ ಕಾಲದಲ್ಲಿ ಇದೇ ಮಾತು. ಇದಕ್ಕೊಂದು ದಾಯಾದಿ ಪದವಿದೆ, ಪೆಯಿರಾಜೊ. ಅದೂ ಪರೀಕ್ಷೆಯೇ. ಆದರೆ ಸೈತಾನ ಅದನ್ನು ಮಾಡುವಾಗ ಎದುರಿನವರು ಎಡವಲಿ ಎಂದೇ ಕಾಲು ಅಡ್ಡ ಕೊಡುತ್ತಾನೆ. ನಮ್ಮ ಮನೆತನ ಹಾಗಲ್ಲ. ನಾವು ಉಜ್ಜುವುದು ಚಿನ್ನ ಸಿಗಲಿ ಎಂದು.

ಪ್ರಭುಭೋಜನದ ರೊಟ್ಟಿ ಮುಟ್ಟುವ ಮೊದಲು ಪ್ರತಿಯೊಬ್ಬರೂ ತಮ್ಮನ್ನು ತಾವೇ ಒರೆಗೆ ಹಚ್ಚಿಕೊಳ್ಳಬೇಕೆಂದು ಶಾಸ್ತ್ರದ ಮಾತು. ಅದಕ್ಕೆಂದೇ ನಾವು ಹುಟ್ಟಿದ್ದು. ಹಿರೇಕೊಳ್ಳದ ಚರ್ಚಿನಲ್ಲಿ ಭೋಜನದ ಹಿಂದಿನ ದಿನ ಜನ ಸಭೆಯ ಹಿರಿಯರ ಕಟ್ಟೆಗೆ ಹೋಗಿ, ಕೇಳಿದ್ದಕ್ಕೆ ಉತ್ತರ ಹೇಳಿ, ಒಂದೊಂದು ಬಿಲ್ಲೆ ಪಡೆಯಬೇಕು. ಮರುದಿನ ಅದನ್ನು ತಟ್ಟೆಗೆ ಹಾಕಿ ಪಂಕ್ತಿಯಲ್ಲಿ ಕೂರಬೇಕು. ಕೊಟ್ಟ ಪ್ರತಿ ಬಿಲ್ಲೆಗೂ ಬಟ್ಟಲಿಗೆ ಒಂದು ಹುಣಸೆ ಬೀಜ. ಕೊನೆಗೆ ಬಿಲ್ಲೆಗೂ ಬೀಜಕ್ಕೂ ಜೋಡಿ ಹೊಂದಿಸಿ ನೋಡುವುದು.

ಪಾದ್ರಿ ತನ್ನ ಊರಿಗೆ ಹಡಗು ಹತ್ತಿದ. ಅವನ ಗ್ರೀಕೂ ಹತ್ತಿತು. ನಾವಿದ್ದ ಚೀಲ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಹಿರಿಯ ಸಿಲ್ವಾನಪ್ಪನವರಿಗೆ ಇಳಿಯಿತು. ಪರೀಕ್ಷೆ ಎಂದರೆ ಪರರನ್ನು ಈಕ್ಷಿಸುವುದು ಎಂದೇ ತಿಳಿದವರು ಅವರು. ಪ್ರಶ್ನೆಗೆ ಮುನ್ನ "ಹ್ಹ್‌ರುಂ" ಎಂದು ಗಂಟಲು ಸರಿಮಾಡುವರು, ಹಳೇ ಬಸ್ಸು ಏರು ಹತ್ತುವ ಹಾಗೆ. ಆ ಸದ್ದಿಗೇ ಅರ್ಧ ಜನ ಮಾಡದ ಪಾಪ ಒಪ್ಪಿಕೊಳ್ಳುತ್ತಿದ್ದರು.

ಆ ವರ್ಷ ರೂತವ್ವನಿಗೆ ಅವರು ಬಿಲ್ಲೆ ಕೊಡಲಿಲ್ಲ. ಅವಳು ಹಿತ್ತಾಳೆ ಪಾತ್ರೆಯ ಎರಕ ಹೊಯ್ಯುವ ಆಮೋಸಪ್ಪನ ಹೆಂಡತಿ. ಕೆಲವು ಭಾನುವಾರ ಚರ್ಚಿಗೆ ಬಂದಿರಲಿಲ್ಲ. ಯಾಕೆ ಎಂದು ಕೇಳಿದರು, ಅವಳು ಬಾಯಿ ತೆರೆಯುವಷ್ಟರಲ್ಲಿ "ಮುಂದಿನವರು ಬರ್ರಿ" ಎಂದರು. ಆದರೂ ಮರುದಿನ ಅವಳು ಬಂದು ಹಿಂದಿನ ಚಾಪೆಯಲ್ಲಿ ಕುಳಿತಳು.

ಭೋಜನ ಮುಗಿಯಿತು. ಸಿಲ್ವಾನಪ್ಪ ಜೋಡಿ ಹೊಂದಿಸಿದರು. ಬೀಜ ಮುಗಿದವು, ಒಂದು ಬಿಲ್ಲೆ ಉಳಿಯಿತು. ನಾನೇ ಅದು.

"ಎರಕದವನ ಹೆಂಡತಿ," ಎಂದರು ಮೆಲ್ಲಗೆ. "ಮನ್ಯಾಗ ಹೊಯ್ಸಿಕೊಂಡು ಬಂದಾಳ."

ನನಗೆ ಬಾಯಿದ್ದಿದ್ದರೆ! ಹೊಟ್ಟೆಯ ಮೇಲೆ ಪದವಿದ್ದೂ ಮಾತಿಲ್ಲದ ಜನ್ಮ ನನ್ನದು. ಅವರು ನನ್ನನ್ನು ಕಚ್ಚಿ ನೋಡಿದರು, ನೆಲಕ್ಕೆ ಎಸೆದು ಸದ್ದು ಕೇಳಿದರು, ಅಕ್ಕಸಾಲಿಗನ ಹತ್ತಿರ ಒಯ್ದು ಹಳೆಯ ಬಿಲ್ಲೆಯ ಪಕ್ಕದಲ್ಲಿಟ್ಟು ಕಲ್ಲಿಗೆ ಉಜ್ಜಿಸಿದರು. "ಹಿರ್ಯಾರ, ಇವೆರಡೂ ಒಂದ ತಾಯಿ ಮಕ್ಕಳು," ಎಂದ ಅವನು. ಅಂದಿನಿಂದ ಅವರಿಗೆ ಅಕ್ಕಸಾಲಿಗನ ಮೇಲೂ ಸಂಶಯ. ರೂತವ್ವನ ಹೆಸರನ್ನು ಸಭೆಯಿಂದಲೇ ತೆಗೆಯಬೇಕು ಎಂದು ಹಟ ಹಿಡಿದರು. ಹೆಸರು ಹೋದರೆ ಪಂಕ್ತಿ ಇಲ್ಲ, ಸತ್ತರೆ ಚರ್ಚಿನ ಹೊಲದಲ್ಲಿ ಮಣ್ಣೂ ಇಲ್ಲ.

ಅಷ್ಟರಲ್ಲಿ ಖಾಲಿಯಿದ್ದ ಜಾಗಕ್ಕೆ ಹೊಸ ಪಾಸ್ಟರಮ್ಮ ಬಂದರು, ಕರಾವಳಿಯ ಅನುಗ್ರಹ ಸೋನ್ಸ್. ಮುಂದಿನ ಭೋಜನ ಹತ್ತಿರವಾಯಿತು. ಹಿರಿಯರನ್ನು ಪಾಸ್ಟರರೇ ಪ್ರಶ್ನಿಸಿ, ಬಿಲ್ಲೆ ಕೊಟ್ಟು, ಬೀಜ ಹಾಕುವುದು ಮೊದಲಿನಿಂದ ಬಂದ ಕ್ರಮ. ಸಿಲ್ವಾನಪ್ಪ ಅವರೆದುರು ಕೂತು ನನ್ನನ್ನು ಮೇಜಿನ ಮೇಲಿಟ್ಟು ದೂರು ಹೇಳಿದರು. ಪಾಸ್ಟರಮ್ಮ ನನ್ನನ್ನು ಕಣ್ಣ ಹತ್ತಿರ ಹಿಡಿದು ಓದಿದರು. ಎಷ್ಟು ವರ್ಷದ ಮೇಲೆ ನನ್ನ ಹೆಸರು ಕೇಳಿದೆ! ಅರ್ಥವನ್ನೂ ವಿವರಿಸಿದರು. ಹಿರಿಯರು ತಲೆದೂಗಿದರು, ಬೇರೆಯವರ ಮನೆಯ ಸುದ್ದಿ ಕೇಳುವವರಂತೆ.

"ಅದಿರಲಿ," ಎಂದರು ಪಾಸ್ಟರಮ್ಮ. "ಕಳೆದ ಸಲ ಇಲ್ಲಿ ಪಾಸ್ಟರ್ ಇರಲಿಲ್ಲ ಅಲ್ವಾ? ನಿಮಗೆ ಬಿಲ್ಲೆ ಕೊಟ್ಟದ್ದು ಯಾರು ಮಾರಾಯ್ರೆ?"

"ಹ್ಹ್‌ರುಂ" ಹೊರಟಿತು, ಏರಿನ ಮಧ್ಯೆ ನಿಂತುಬಿಟ್ಟಿತು. ಯಾರೂ ಕೊಟ್ಟಿರಲಿಲ್ಲ. ಚೀಲಕ್ಕೆ ಕೈ ಹಾಕಿ ತಾವೇ ಒಂದು ತೆಗೆದುಕೊಂಡಿದ್ದರು, ನನ್ನನ್ನು. ತಮ್ಮನ್ನು ಯಾರೂ ಏನೂ ಕೇಳದ ಕಾರಣ ಬೀಜ ಹಾಕುವುದು ಅವರ ನೆನಪಿಗೇ ಬಂದಿರಲಿಲ್ಲ.

ಅಲ್ಲಿಂದೆದ್ದವರು ನನ್ನನ್ನು ಮುಷ್ಟಿಯಲ್ಲಿ ಹಿಡಿದು ನೇರ ರೂತವ್ವನ ಮನೆಗೆ ನಡೆದರು. ಎರಕದ ಒಲೆಯಲ್ಲಿ ಕೋಳಿ ಕಾವಿಗೆ ಕುಳಿತಿತ್ತು. ಒಳಗೆ ಆಮೋಸಪ್ಪ ಕಾಲಿಗೆ ಬಟ್ಟೆ ಸುತ್ತಿಕೊಂಡು ಮಲಗಿದ್ದ.

"ಕಾದ ಹಿತ್ತಾಳಿ ಬಿತ್ತು ಕಾಲ ಮ್ಯಾಲೆ," ಎಂದಳು ರೂತವ್ವ. "ಆವತ್ತು ಕಟ್ಟಿ ಮ್ಯಾಲೆ ಹೇಳಾಕ ಬಂದಿದ್ದು ಅದನ್ನ. ಆವಾಗಿಂದ ಒಲಿ ಹಚ್ಚಿಲ್ರಿ."

ಸಿಲ್ವಾನಪ್ಪ ನನ್ನನ್ನು ಅವಳ ಅಂಗೈಯಲ್ಲಿಟ್ಟರು. "ಇದು ನನ್ನದ ಬಿಲ್ಲಿ, ತಂಗಿ. ಈ ಸಲ ನನ್ನನ್ನ ನೀನ ಕೇಳು."

"ಆ ದಿವ್ಸ ನಾನು ರೊಟ್ಟಿ ಮುಟ್ಟಿದ್ದು ನೋಡಿದ್ರೇನ್ರಿ?"

"ಇಲ್ಲ."

"ನೀವು ಬ್ಯಾಡ ಅಂದಿದ್ರಿ. ಮುಟ್ಟಲಿಲ್ಲ. ಹಾಡು ಕೇಳಾಕ ಬಂದಿದ್ದೆ."

ಅವಳು ಮತ್ತೇನೂ ಕೇಳಲಿಲ್ಲ. ನನ್ನನ್ನು ಹಿಂದಿರುಗಿಸಲೂ ಇಲ್ಲ.

ಭೋಜನದ ದಿನ ಸಿಲ್ವಾನಪ್ಪ ಬಿಲ್ಲೆಯಿಲ್ಲದೆ ಹಿಂದಿನ ಚಾಪೆಯಲ್ಲಿ ಕುಳಿತರು. ತಟ್ಟೆ ಬಂದಾಗ ಪಕ್ಕದ ಸಾಲಿನಿಂದ ರೂತವ್ವ ಕೈ ಚಾಚಿ, ಪಾಸ್ಟರಮ್ಮ ಕೊಟ್ಟಿದ್ದ ತನ್ನ ಬಿಲ್ಲೆ ಹಾಕಿದಳು, ಅದರ ಮೇಲೆ ನನ್ನನ್ನೂ ಹಾಕಿದಳು. "ಅದು ಹಿರ್ಯಾರದು," ಎಂದಳು.

ಸಂಜೆ ಸಿಲ್ವಾನಪ್ಪ ಜೋಡಿ ಹೊಂದಿಸಿದರು. ನಾನು ಕೊನೆಗೆ ಉಳಿದೆ. ಬಟ್ಟಲಿನ ಕಡೆ ನೋಡಲು ಅವರಿಗೆ ಧೈರ್ಯವಿರಲಿಲ್ಲ. ಬೆರಳಾಡಿಸಿದರು. ತಳದಲ್ಲಿ ಒಂದು ಬೀಜ ಸಿಕ್ಕಿತು. ಪ್ರಶ್ನೆ ಕೇಳಿದವಳು ಬೀಜ ಹಾಕುವುದನ್ನು ಮರೆತಿರಲಿಲ್ಲ.

ಈಗ ಬಿಲ್ಲೆ ಹಂಚುವ ಪದ್ಧತಿ ನಿಂತಿದೆ. ನಾನು ಚರ್ಚಿನ ಗಾಜಿನ ಕಪಾಟಿನಲ್ಲಿ ಮುಪ್ಪು ಕಳೆಯುತ್ತಿದ್ದೇನೆ. ನೋಡಲು ಬಂದವರು ಕಣ್ಣು ಕಿರಿದು ಮಾಡಿ, ಇದು ಅಸಲಿಯೋ ನಕಲಿಯೋ ಎಂದು ಪಿಸುಗುಟ್ಟುತ್ತಾರೆ. ನಾನೂ ಅವರನ್ನು ಹಾಗೇ ನೋಡುತ್ತೇನೆ, ಚಿನ್ನ ಸಿಗಲಿ ಎಂಬ ಆಸೆಯಿಂದ. ಅವರಿಗೆ ತಿಳಿಯದ್ದು ಒಂದೇ: ಬಿಲ್ಲೆಯ ಪಕ್ಕದಲ್ಲಿ ಹುಣಸೆ ಬೀಜವನ್ನು ಯಾಕಿಟ್ಟಿದ್ದಾರೆ ಎಂಬುದು. ಸಿಲ್ವಾನಪ್ಪನವರೇ ಇಟ್ಟುಹೋದದ್ದು.