ನಕಲು ಬೇಡ ಅಂದವನು

ಬೀಗದವನ ಲೆಕ್ಕದಲ್ಲಿ ಲೋಕದಲ್ಲಿ ಇರುವುದು ಎರಡೇ ಜಾತಿ: ಬೀಗ ಹಾಕುವವರು, ಬೀಗ ಒಡೆಯುವವರು. ಮೂವತ್ತು ವರ್ಷ ಕೀಲಿ ಉಜ್ಜಿ ಉಜ್ಜಿ ಅವನ ತಲೆಯೂ ಹಾಗೇ ಆಗಿತ್ತು. ಅಂಥವನ ಕೈಗೆ ತಂಗಿ ತನ್ನ ವೆಬ್‌ಸೈಟಿನ ಜವಾಬ್ದಾರಿ ಕೊಟ್ಟಳು. ಕೊಡಬಾರದಿತ್ತು ಅಂತ ಈಗ ಯಾರು ಬೇಕಾದರೂ ಹೇಳುತ್ತಾರೆ.

ತಂಗಿ ಗೊಂಬೆ ಹೊಲಿಯುವವಳು. ಮಕ್ಕಳು ಗೀಚಿದ ಚಿತ್ರ ಕಳಿಸಿದರೆ, ಅದೇ ಸೊಟ್ಟ ಮೂಗು, ಅದೇ ಮೂರು ಕಾಲು ಇಟ್ಟು ಬಟ್ಟೆಯಲ್ಲಿ ಗೊಂಬೆ ಮಾಡಿಕೊಡುತ್ತಿದ್ದಳು. ಕಾರ್ಖಾನೆಯ ಕೆಲಸ ಹೋದ ಮೇಲೆ ಅವಳಿಗೂ ಮಗಳಿಗೂ ಅದೇ ಅನ್ನ. ಆರು ವರ್ಷ ಹೊಲಿದ ಗೊಂಬೆಗಳೆಲ್ಲ ಯಾರ್‍ಯಾರದೋ ಮನೆ ಸೇರಿದ್ದವು. ಅವಳಿಗೆ ಉಳಿದದ್ದು ಫೋಟೋ ಮಾತ್ರ. ಅವನ್ನೂ ಸೈಟಿಗೆ ಏರಿಸಿದೊಡನೆ, ಜಾಗ ಸಾಲದೆಂದು ಫೋನಿನಿಂದ ಅಳಿಸಿಬಿಡುತ್ತಿದ್ದಳು.

ಸೈಟು ಇಟ್ಟುಕೊಂಡಿದ್ದ ಹೋಸ್ಟಿಂಗ್ ಕಂಪನಿ ಬಾಗಿಲು ಹಾಕುವ ಸುದ್ದಿ ಬಂತು. "ಅಣ್ಣ, ನಂಬಿಕಸ್ಥರು ಯಾರಾದ್ರೂ ಇದ್ರೆ ನೋಡು," ಅಂದಳು. ಅವನಿಗೆ ಅದರ ಗಂಧಗಾಳಿ ಇಲ್ಲ. ಹಾಗಂತ ಒಪ್ಪಿಕೊಂಡರೆ ಅಣ್ಣ ಅನ್ನಿಸಿಕೊಳ್ಳುವುದು ಹೇಗೆ?

ಮೂರು ಕಂಪನಿಗಳಿಗೆ ಫೋನು ಹಚ್ಚಿದ. ಕೇಳಿದ್ದು ಒಂದೇ ಪ್ರಶ್ನೆ: "ಬೇರೆ ಯಾರಾದ್ರೂ ನನ್ನ ತಂಗಿ ಹೆಸರು ಹೇಳಿ ಪಾಸ್‌ವರ್ಡ್ ಕೇಳಿದ್ರೆ ಕೊಡ್ತೀರಾ?" ಮೊದಲನೆಯವನು, "ಹುಟ್ಟಿದ ತಾರೀಖು ಹೇಳಿದ್ರೆ ಸಾಕು ಸರ್," ಅಂದ. ಎರಡನೆಯವರು ಸಂಗೀತ ಕೇಳಿಸುತ್ತಲೇ ಕೂರಿಸಿದರು. ಮೂರನೆಯ ಕಡೆ ಒಬ್ಬ ಹೆಂಗಸು, "ಅವರೇ ಕೇಳಿದ್ರೂ ಕೊಡಲ್ಲ. ಅದು ನಮ್ಮ ಹತ್ರಾನೂ ಇರಲ್ಲ," ಅಂದಳು. ಬೀಗದವನಿಗೆ ಸ್ವರ್ಗ ಮೂರೇ ಗೇಣು.

"ಇನ್ನೊಂದು ಸರ್. ದಿನಾ ಸೈಟಿನ ಒಂದು ನಕಲು ತೆಗೆದು ಬೇರೆ ಕಡೆ ಇಡ್ತೀವಿ."

ಅವನ ಹುಬ್ಬು ಗಂಟಿಕ್ಕಿತು. ಗಿರಾಕಿಯ ಕೀಲಿಯ ನಕಲು ಇಟ್ಟುಕೊಂಡವನು ಅರ್ಧ ಕಳ್ಳ. ಅವನ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲ. "ನಕಲಾ? ಬೇಡವೇ ಬೇಡ. ಒಂದೂ ಇರಬಾರದು."

"ಯಂತ್ರ ಕೆಟ್ರೆ ಎಲ್ಲ ಹೋಗುತ್ತೆ ಸರ್."

"ಕೆಡದ ಹಾಗೆ ನೋಡ್ಕೊಳ್ಳಿ," ಅಂದು, ದೊಡ್ಡ ಕಳ್ಳತನವೊಂದನ್ನು ತಪ್ಪಿಸಿದ ಜಂಬದಲ್ಲಿ ಫೋನು ಇಟ್ಟ.

ಸೈಟು ಆ ಮೂರನೆಯ ಕಂಪನಿಗೇ ಹೋಯಿತು. ಎಂಟು ತಿಂಗಳು ಎಲ್ಲ ಸರಿಯಿತ್ತು. ಅಷ್ಟರಲ್ಲಿ ದೊಡ್ಡ ಆಟಿಕೆ ಅಂಗಡಿಯೊಂದರ ಯಜಮಾನರು ತಂಗಿಯ ಹೆಸರು ಕೇಳಿದ್ದರು. ಸೋಮವಾರ ಸೈಟು ನೋಡುತ್ತಾರೆ, ಕೆಲಸ ಹಿಡಿಸಿದರೆ ವರ್ಷವಿಡೀ ಹೊಲಿಗೆ. ಆ ಸೋಮವಾರ ಬೆಳಿಗ್ಗೆ ಸೈಟು ತೆರೆದರೆ ಬರೀ ಬಿಳಿ.

ಬೀಗದವನು ಫೋನು ಮಾಡಿದ. ಎತ್ತಿದ್ದು ಅದೇ ಹೆಂಗಸು. "ಡಿಸ್ಕ್ ಸುಟ್ಟುಹೋಗಿದೆ ಸರ್. ಉಳಿದವರದ್ದನ್ನ ನಕಲಿನಿಂದ ವಾಪಸ್ ತಂದ್ವಿ. ನಿಮ್ಮದು…" ಅಂದಳು. ಅವಳ ದನಿಯಲ್ಲಿ ಮರುಕವಿತ್ತು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವನಿಗೆ.

ತಂಗಿಯ ಮನೆಗೆ ಹೋಗಿ, ಎಲ್ಲ ಹೋಯಿತು ಅಂತಷ್ಟೇ ಹೇಳಿದ. ಹೇಳಿ ಕೂರುವಷ್ಟರಲ್ಲಿ ಅಂಗಡಿಯ ಯಜಮಾನರ ಫೋನು ಬಂತು. "ನೋಡದೆ ಹೇಗಮ್ಮ ಕೆಲಸ ಒಪ್ಪಿಸೋದು? ಇನ್ನೂ ನಾಲ್ಕು ಜನ ಇದ್ದಾರೆ," ಅಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತಂಗಿ "ಆಯ್ತು ಸರ್" ಅಂದು ಫೋನನ್ನು ಮೇಜಿನ ಮೇಲೆ ಕವುಚಿಟ್ಟಳು.

"ಹಾಳಾಗಿ ಹೋಗ್ಲಿ ಆ ಕಂಪನಿ! ಕಳ್ಳರು, ಮನೆಹಾಳರು," ಅಂತ ಶಾಪ ಹಾಕಿದಳು. ಆಮೇಲೆ ಅವನಿಗೆ ಟೀ ಕೊಟ್ಟಳು. "ನೀನೇನು ಮಾಡ್ತೀಯಣ್ಣ, ಪಾಪ. ಇನ್ನೊಂದು ಕಂಪನಿ ನೀನೇ ನೋಡು."

ಬಾಯಿ ಮುಚ್ಚಿಕೊಂಡಿದ್ದರೆ ನಡೆದುಹೋಗುತ್ತಿತ್ತು. ಆದರೆ ಟೀ ಕುಡಿಯದೆ, ಲೋಟ ಹಿಡಿದುಕೊಂಡೇ ಹೇಳಿಬಿಟ್ಟ.

"ಅವರು ಕಳ್ಳರಲ್ಲ. ನಕಲು ಇಡ್ತೀವಿ ಅಂದ್ರು. ಬೇಡ ಅಂದವನು ನಾನು."

ತಂಗಿ ಅವನತ್ತ ತಿರುಗಿದಳು. "ಕೆಟ್ರೆ ಎಲ್ಲ ಹೋಗುತ್ತೆ ಅಂತ ಹೇಳಲಿಲ್ವಾ?"

"ಹೇಳಿದ್ರು."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ? ಅವು ನನ್ನವು."

ಅವಳು ಅಳಲಿಲ್ಲ, ಕೂಗಲಿಲ್ಲ, ಗಡಿಯಾರ ನೋಡಿದಳು. "ಮಗಳು ಸ್ಕೂಲಿಂದ ಬರೋ ಹೊತ್ತಾಯ್ತು. ಅವಳು ಬರೋದ್ರೊಳಗೆ ಹೊರಡು. ಮಾವನ್ನ ನಾನು ಬೈಯೋದು ಅವಳ ಕಿವಿಗೆ ಬೀಳೋದು ಬೇಡ."

ಆ ಮನೆಯಲ್ಲಿ ಅವನಿಗೆ ಯಾರಾದರೂ ಹೊರಡು ಅಂದದ್ದು ಅದೇ ಮೊದಲು. ಲೋಟ ಕೆಳಗಿಟ್ಟು ಎದ್ದ.